ಪರದೇಶದ ಚಳಿ

ನಮ್ಮೂರಿನ ಚಳಿ ನಮ್ಮದಲ್ಲ. ನಮ್ಮದು ಎರೆಹೊಲ, ಬೇವಿನ ಮರ, ಹನ್ನೆರಡು ತಿಂಗಳೂ ಬೆವರು ಇಳಿಸುವ ಸೀಮೆ. ಆದರೆ ನಮ್ಮ ನೆಲದಡಿಯ ಎಣ್ಣೆ ದೊಡ್ಡ ಕೊಳವೆಯಲ್ಲಿ ಹರಿದು ಯಾವ ದೇಶಕ್ಕೆ ಹೋಗುತ್ತದೋ, ಆ ದೇಶದ ಚಳಿ ಅದೇ ಕೊಳವೆ ಹಿಡಿದು ನಮ್ಮೂರಿಗೆ ಬರುತ್ತದೆ. ಅಲ್ಲಿ ಅವರ ಮನೆ ಬೆಚ್ಚಗಾಯಿತೋ, ಇಲ್ಲಿ ನಮ್ಮ ಬೆರಳು ಸೆಟೆಯಿತು. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನಮ್ಮಜ್ಜಿಯೂ ಕೇಳಲಿಲ್ಲ, ನಾನೂ ಕೇಳಿಲ್ಲ. ಬರುತ್ತದೆ, ಹೊದ್ದುಕೊಳ್ಳಬೇಕು, ಅಷ್ಟೇ.

ಹೊದ್ದುಕೊಂಡೇ ಬಾಳುವೆ ಮಾಡಿದೆವು. ಮದುವೆಯಲ್ಲಿ ಮದುಮಗಳು ರೇಷ್ಮೆ ಸೀರೆಯ ಮೇಲೆ ಕೌದಿ ಹೊದ್ದೇ ಅಕ್ಷತೆ ಹಾಕಿಸಿಕೊಳ್ಳುತ್ತಿದ್ದಳು. ಎಮ್ಮೆಗೂ ಒಂದು ಕೌದಿ. ಕ್ಷೌರದ ಹನುಮಂತ ಕತ್ತಿಯನ್ನು ಒಲೆಗೆ ಹಿಡಿಯದೆ ಯಾರ ಗಲ್ಲಕ್ಕೂ ತಾಗಿಸುತ್ತಿರಲಿಲ್ಲ. ಚಳಿಯಲ್ಲೂ ನಾನಾ ಥರ. ಒಂದಕ್ಕೆ ಮೀನಿನ ವಾಸನೆ, ಒಂದಕ್ಕೆ ಒದ್ದೆ ಕಟ್ಟಿಗೆಯ ವಾಸನೆ. ಮುದುಕರು ಬೆಳಿಗ್ಗೆ ಅಂಗಳಕ್ಕೆ ಬಂದು ಮೂಗು ಮೇಲೆತ್ತಿ, "ಇವತ್ತು ಎಣ್ಣಿ ಉತ್ತರಕ್ಕ ಹೊಂಟೈತಿ" ಅಂತ ಹೇಳಿಬಿಡುತ್ತಿದ್ದರು. ಇಷ್ಟೆಲ್ಲ ಎಣ್ಣೆಯ ಊರು ಅಂತ ಹೆಸರು, ನಮ್ಮ ಒಲೆಯಲ್ಲಿ ಉರಿಯೋದು ಮಾತ್ರ ಕುಳ್ಳು, ಜಾಲಿಕಟ್ಟಿಗೆ. ಊರಿನವರ ಮನೆಯಲ್ಲಿ ಒಂದು ಸೀಸೆ ಎಣ್ಣೆ ಸಿಕ್ಕರೂ ಜೈಲು. ಅದು ಮಾರುವ ಎಣ್ಣೆ, ಉರಿಸುವ ಎಣ್ಣೆ ಅಲ್ಲವಂತೆ.

ನಾನು ಫಕೀರವ್ವ, ಕೌದಿ ಹೊಲಿಯೋಳು. ಗಂಡ ಹೋದಮೇಲೆ ಸೂಜಿಯೇ ನನ್ನನ್ನು ಸಾಕಿತು. ನನ್ನ ಬಾಯಿ ಜೋರು ಅಂತ ಓಣಿಯವರು ಹೇಳುತ್ತಾರೆ, ಹೇಳಲಿ. ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಒಬ್ಬ ಪರದೇಶದವನಿದ್ದ. ಹೆಸರು ಯೊರಾನ್, ಊರಿನ ಬಾಯಲ್ಲಿ ಯೋರಣ್ಣ. ಉತ್ತರದ ದೇಶದವನು. ತಮ್ಮ ಪಾಲಿನ ಎಣ್ಣೆಗೆ ಯಾರೂ ನೀರು ಬೆರೆಸದ ಹಾಗೆ ನೋಡಿಕೊಳ್ಳಲು ಅವನನ್ನು ಆ ದೇಶದವರು ಇಲ್ಲಿ ಇಟ್ಟಿದ್ದರು. ಬಂದ ಹೊಸತರಲ್ಲಿ ರೊಟ್ಟಿಯನ್ನು ಚಾಕುವಿನಿಂದ ಕೊಯ್ಯಲು ಹೋಗಿ ನಗಿಸಿದ್ದ. ಈಗ ನಮ್ಮ ಹಾಗೇ ಮುರಿದು, ಕೆಂಪು ಚಟ್ನಿ ಹಚ್ಚಿ, ಸುಯ್ ಅನ್ನುತ್ತ ತಿನ್ನುತ್ತಿದ್ದ. ಅವನ ಮಗಳು ಮಿರೆನ್, ಮೊಮ್ಮಗಳು ತಿಲ್ಯಾ, ಇಬ್ಬರೂ ಅಲ್ಲಿ ಅವನ ಊರಲ್ಲಿ. ನಮ್ಮೂರಿಗೆ ಬರುವ ಆ ಚಳಿ ನಮ್ಮನ್ನು ಕೊರೆದಾಗಲೆಲ್ಲ ಅವನು ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸುತ್ತಿದ್ದ. "ನಿಂದೇನೈತೋ ಇದರಾಗ, ಉಣ್ಣು" ಅಂತ ನಾನೇ ಗದರುತ್ತಿದ್ದೆ.

ನಮ್ಮೂರಿನಲ್ಲಿ ಹುಟ್ಟಿದ ಕೂಸಿಗೆ ಕೂಡಲೇ ಹೆಸರು ಇಡುವುದಿಲ್ಲ. ಉತ್ತರದ ದೇಶಕ್ಕೆ ಬೇಸಿಗೆ ಬಂದು ನಮ್ಮ ಚಳಿ ಇಳಿದ ಮೇಲೆ, ಉಳಿದ ಕೂಸುಗಳನ್ನೆಲ್ಲ ಒಟ್ಟಿಗೆ ತೊಟ್ಟಿಲಿಗೆ ಹಾಕುತ್ತೇವೆ. ಅಲ್ಲಿಯವರೆಗೆ ಓಣಿಯ ಹೆಂಗಸರು ಪಾಳಿಯ ಮೇಲೆ ಕೂಸನ್ನು ಎದೆಗೆ ಹಚ್ಚಿಕೊಂಡು ಕೂರಬೇಕು. ನನ್ನ ಮಗಳು ಚಂಪಾಳ ಮೊದಲ ಕೂಸನ್ನು ಹೀಗೆ ನಾವೆಲ್ಲ ಕಾದೆವು. ಕೆಮ್ಮಿತು, ಕೆಮ್ಮಿತು, ಒಂದು ಸಂಜೆ ನನ್ನ ಎದೆಯ ಮೇಲೇ ಸುಮ್ಮನಾಯಿತು. ಹೆಸರಿಲ್ಲದ ಕೂಸುಗಳನ್ನು ಕೊಳವೆಯ ಬದಿಗೆ ಹೂಳುತ್ತೇವೆ. ಅದನ್ನೂ ಅಲ್ಲೇ ಇಟ್ಟು ಬಂದೆವು. ಈಗ ಚಂಪಾ ಮತ್ತೆ ಬಸುರಿಯಾಗಿ, ಏಳು ತಿಂಗಳು ತುಂಬುತ್ತಲೇ ತವರಿಗೆ ಬಂದಿದ್ದಳು. ಬಂದ ದಿನವೇ ಹೇಳಿದಳು, "ಅವ್ವಾ, ಇದೂ ಹೋತು ಅಂದ್ರ ನಾ ಉಳಿಯಾಂಗಿಲ್ಲ."

ಅದೇ ತಿಂಗಳು ಜಗಳ ಹತ್ತಿತು. ಸಮುದ್ರದ ನಡುವೆ ಒಂದು ಬಂಡೆ ಇದೆಯಂತೆ, ಹಕ್ಕಿ ಕೂರೋದಕ್ಕೆ ಬಿಟ್ಟರೆ ಮತ್ತೇನಕ್ಕೂ ಲಾಯಕ್ಕಿಲ್ಲ. ಆದರೆ ಹಡಗುಗಳೆಲ್ಲ ಅದರ ಪಕ್ಕದಲ್ಲೇ ಹೋಗಬೇಕು. ಅದು ನಮ್ಮದು ಅಂತ ಉತ್ತರದವರು ಅಂದರು, ನಮ್ಮದು ಅಂತ ನಮ್ಮ ರಾಜಧಾನಿಯವರು ಅಂದರು. ಯುದ್ಧಕ್ಕೆ ಯಾರೂ ಹೋಗಲಿಲ್ಲ. ರಾಜಧಾನಿಯಿಂದ ನಮ್ಮೂರಿಗೆ ಒಂದು ಮಾತು ಬಂತು: ಉತ್ತರದ ಕೊಳವೆ ಮುಚ್ಚಿ. ಊರ ಹೊರಗೆ ಕಲ್ಲುಕಟ್ಟೆಯ ಮೇಲೆ ಆ ಕೊಳವೆಯ ಕಬ್ಬಿಣದ ಚಕ್ರ ಇದೆ, ಎತ್ತಿನ ಗಾಡಿಯ ಗಾಲಿಯಷ್ಟು ದೊಡ್ಡದು. ಮೈ ಕೊರೆಯುವ ಚಳಿ ಬರುತ್ತಿದ್ದದ್ದು ಅದೊಂದರಿಂದಲೇ, ಉಳಿದ ಕೊಳವೆಗಳು ಹೋಗುವ ದೇಶಗಳಲ್ಲಿ ಚಳಿ ಅಷ್ಟಕ್ಕಷ್ಟೇ. ನನ್ನ ಅಳಿಯ ಸೋಮಲಿಂಗ ಅಲ್ಲೇ ಕೆಲಸಕ್ಕಿದ್ದ. ಅವನೂ ಇನ್ನೂ ಮೂವರೂ ಸೇರಿ ಅದನ್ನು ತಿರುಗಿಸಿ ಮುಚ್ಚಿದರು.

ಅಯ್ಯಯ್ಯೋ, ಆ ಸೆಕೆಯ ಸುಖ ಏನು ಹೇಳಲಿ! ಮರುದಿನ ಎದ್ದರೆ ಹೆಂಚಿನ ಮೇಲಿನ ಮಂಜು ಇಲ್ಲ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಅಂಗಾಲು ಚುರುಚುರು ಅಂದಿತು. ಗಂಡಸರು ಅಂಗಿ ಕಳಚಿ ಕಟ್ಟೆಯ ಮೇಲೆ ಕೂತರು. ಹೆಂಗಸರು ಬೆವರು ಒರೆಸಿಕೊಳ್ಳುತ್ತ, ಒರೆಸಿದ ಸೆರಗನ್ನು ಒಬ್ಬರಿಗೊಬ್ಬರು ತೋರಿಸಿ ನಕ್ಕರು. ಬೀಸಣಿಗೆ ಅನ್ನೋ ವಸ್ತುವನ್ನು ಅಟ್ಟದಿಂದ ಇಳಿಸಿದೆವು. ನನ್ನ ಕೌದಿಯನ್ನು ಕೇಳುವವರೇ ಇಲ್ಲವಾದರು, ಆದರೂ ನಾನು ಕುಣಿದೆ. ಚಂಪಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಜಗಲಿಯಲ್ಲಿ ಮಲಗಿದ್ದಳು, ಮುಖದ ತುಂಬ ಬೆವರು. ಅವಳು ಅಷ್ಟು ನಿಶ್ಚಿಂತೆಯಿಂದ ಮಲಗಿದ್ದನ್ನು ಅವಳ ಮದುವೆಯಾದ ಮೇಲೆ ನಾನು ನೋಡಿಯೇ ಇರಲಿಲ್ಲ. ಈ ಜಗಳ ಎಂದೂ ಮುಗಿಯದಿರಲಿ ಅಂತ ಮನಸಾರೆ ದೇವರಿಗೆ ಕೈ ಮುಗಿದೆ.

ಹುಸೇನಸಾಬನ ಚಹಾದಂಗಡಿಯ ರೇಡಿಯೋ ದಿನಾ ಸುದ್ದಿ ಹೇಳುತ್ತಿತ್ತು. ಉತ್ತರದಲ್ಲಿ ಕಾರ್ಖಾನೆಗಳು ನಿಂತವು. ಎಣ್ಣೆಯ ದರ ಏರಿತು, ಅದರ ಹಿಂದೆಯೇ ಎಲ್ಲ ದೇಶಗಳಲ್ಲೂ ಹಿಟ್ಟಿನ ದರ ಏರಿತು. ನಮ್ಮ ರಾಜಧಾನಿಯವರಿಗೆ ಮೊದಲು ಮುಖ ತಿರುಗಿಸುತ್ತಿದ್ದ ದೇಶಗಳು ಈಗ ಹಾರ ಹಿಡಿದು ಬಂದವು. ಬಂಡೆಯ ವಿಷಯದಲ್ಲಿ ಸಭೆ ನಡೆದರೆ ನಿಮ್ಮ ಕಡೆಗೇ ಕೈ ಎತ್ತುತ್ತೇವೆ, ನಮಗೆ ಮಾತ್ರ ಎಣ್ಣೆ ನಿಲ್ಲಿಸಬೇಡಿ ಅಂದವು. "ನೋಡು ಮತ್ತ, ನಮ್ಮೂರ ಚಕ್ರಕ್ಕ ಎಂಥ ಕಿಮ್ಮತ್ತು!" ಅಂತ ಹುಸೇನಸಾಬ ಮೀಸೆ ತಿರುವಿದ. ನಾವೂ ಹಿಗ್ಗಿದೆವು.

ಯೋರಣ್ಣ ಮಾತ್ರ ಊಟ ಬಿಟ್ಟ. ಚಕ್ರದ ಆಫೀಸಿನಲ್ಲಿ ಒಂದು ಫೋನ್ ಇತ್ತು, ದಿನಾ ಹೋಗಿ ಮಗಳ ಜೊತೆ ಮಾತಾಡಿ ಬರುತ್ತಿದ್ದ. ಒಂದು ದಿನ ಕೇಳಿದೆ, "ಏನಂತಾಳೋ ಮಗಳು?"

"ಕುರ್ಚಿ ಸುಟ್ಟು ಮುಗದಾವಂತ್ರಿ ಅವ್ವಾರ. ಈಗ ಒಳಗಿನ ಬಾಗಲಾ ಸುಡಾಕ ಹತ್ಯಾರ."

"ನಿಮ್ಮ ದೇಶದಾಗ ಬ್ಯಾರೆ ಎಲ್ಲಿಂದನೂ ಎಣ್ಣಿ ಬರೂದಿಲ್ಲೇನು?"

"ಬರತೈತ್ರಿ. ರೊಕ್ಕ ಇದ್ದವರ ಮನಿಗೆ ಬರತೈತಿ."

ಮರುದಿನ ಅವನು ನನ್ನನ್ನೂ ಫೋನಿಗೆ ಕರೆದುಕೊಂಡು ಹೋದ. ತಿಲ್ಯಾಗೆ ನನ್ನ ಬಗ್ಗೆ ಏನೇನೋ ಹೇಳಿದ್ದನಂತೆ, ರೊಟ್ಟಿ ಬಡಿಯುವ ಅಜ್ಜಿ ಅಂತ. ಆ ಹುಡುಗಿ ಏನೋ ಅಂದಳು, ಒಂದಕ್ಷರ ತಿಳಿಯಲಿಲ್ಲ. ಆಮೇಲೆ ಕೆಮ್ಮಿದಳು. ಆ ಕೆಮ್ಮು ನನಗೆ ಗೊತ್ತಿತ್ತು, ಚಂಪಾಳ ಮೊದಲ ಕೂಸು ಹಾಗೇ ಕೆಮ್ಮುತ್ತಿತ್ತು. ಫೋನನ್ನು ಯೋರಣ್ಣನ ಕೈಗಿತ್ತು ಹೊರಗೆ ಬಂದು ನಿಂತೆ. ಹೊರಗೆ ಸುಡುವ ಬಿಸಿಲು.

ಆಮೇಲೆ ರಾಜಿಯಾಯಿತು. ಬಂಡೆ ನಮ್ಮ ರಾಜಧಾನಿಯವರಿಗೆ, ಎಣ್ಣೆ ಉತ್ತರದವರಿಗೆ ಹಳೇ ದರಕ್ಕೆ ಅಂತ ಎರಡೂ ಕಡೆಯವರು ಸಹಿ ಹಾಕಿದರು. ಸೋಮವಾರ ಚಕ್ರ ತೆರೆಯುತ್ತಾರೆ ಅಂತ ರೇಡಿಯೋ ಹೇಳಿತು. ಚಂಪಾ ನನ್ನ ಮುಖ ನೋಡಿದಳು. ನಾನು ಎದ್ದವಳೇ ಓಣಿ ಓಣಿ ತಿರುಗಿದೆ. ಕೊಳವೆಯ ಬದಿಗೆ ಕೂಸು ಇಟ್ಟು ಬಂದ ಹೆಂಗಸರು ನಮ್ಮೂರಿನಲ್ಲಿ ಕಡಿಮೆ ಇಲ್ಲ. "ಚಕ್ರ ತೆರೀಲಿ, ನಾವ್ ಬ್ಯಾಡ ಅನ್ನೂದಿಲ್ಲ," ಅಂದೆ. "ಆದ್ರ ನಮ್ಮ ಎಣ್ಣಿಯೊಳಗ ನಮಗೊಂದು ನಳ ಕೊಡಲಿ. ಬಾಣಂತಿ ಮನಿಗಾದ್ರೂ ಒಂದೊಂದು ಒಲಿ ಉರೀಲಿ. ಕೊಡೂತನಕ ಕಟ್ಟಿ ಬಿಟ್ಟು ಏಳೂದು ಬ್ಯಾಡ." ಭಾನುವಾರ ಸಂಜೆಯೇ ಹೋಗಿ ಚಕ್ರದ ಸುತ್ತ ಕೂತೆವು. ನಾನು ಬೇಡವೆಂದರೂ ಕೇಳದೆ ಚಂಪಾ ತುಂಬಿದ ಹೊಟ್ಟೆ ಹೊತ್ತು ಬಂದು ನನ್ನ ಪಕ್ಕ ಕೂತಳು.

ಯೋರಣ್ಣ ಕಟ್ಟೆಯ ಕೆಳಗೆ ಬಂದು ನಿಂತ. "ಅವ್ವಾರ, ನೀವು ಕೇಳೂದು ಖರೇನ ಐತಿ. ಆದ್ರ ಲಗೂ ಮುಗಸ್ರಿ," ಅಂದ. "ಅಲ್ಲಿ ಬಾಗಲಾನೂ ಮುಗದಾವ."

"ಎರಡು ದಿನ ತಡಿಯೋ," ಅಂದೆ. "ಒಂದು ನಳ ಕೊಡಾಕ ಅವರಿಗೇನು ಧಾಡಿ?"

ಸೋಮವಾರ ರಾಜಧಾನಿಯಿಂದ ದೊಡ್ಡ ಸಾಹೇಬರು ಬಂದರು. ಬೈಯುತ್ತಾರೆ, ಪೊಲೀಸರನ್ನು ಬಿಡುತ್ತಾರೆ ಅಂತ ನಾನು ಸೆರಗು ಬಿಗಿದು ಕೂತಿದ್ದೆ. ಅವರೋ ಎರಡೂ ಕೈ ಜೋಡಿಸಿ ನಿಂತರು. "ಅಮ್ಮಾ, ನಿಮ್ಮ ಬೇಡಿಕೆ ನ್ಯಾಯವಾದದ್ದು. ಸರ್ಕಾರಕ್ಕೆ ತಾಯಂದಿರಿಗಿಂತ ದೊಡ್ಡವರು ಯಾರಿದ್ದಾರೆ? ನೀವು ಕೂತ್ಕೊಳ್ಳಿ, ನಾನು ಮೇಲಿನವರ ಹತ್ತಿರ ಮಾತಾಡ್ತೀನಿ," ಅಂದರು. ಮಧ್ಯಾಹ್ನದೊಳಗೆ ಶಾಮಿಯಾನ ಬಂತು, ಜಮಖಾನ ಬಂತು, ಕುಡಿಯುವ ನೀರಿನ ಟ್ಯಾಂಕರ್ ಬಂತು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಸಂಜೆ ಚಹಾ. ಚಂಪಾಗೆ ಒಂದು ಮಂಚ, ನೋಡಿಕೊಳ್ಳಲು ಒಬ್ಬ ನರ್ಸು. ಪತ್ರಿಕೆಯವರು ಬಂದು ಚಂಪಾಳ ಹೊಟ್ಟೆಯನ್ನೂ ನನ್ನ ಮುಖವನ್ನೂ ಸೇರಿಸಿ ಫೋಟೋ ತೆಗೆದರು. ಹೆಂಗಸರೆಲ್ಲ ಉಬ್ಬಿಹೋದರು. "ಫಕೀರಕ್ಕ, ನಿನ್ನ ಬಾಯಿಗೆ ಸರಕಾರನ ಹೆದರೇತಿ!" ಅಂದರು. ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ದಿನ ಹೋದವು. ಸಾಹೇಬರು ಬೆಳಿಗ್ಗೆ ಬಂದು ಕೈ ಮುಗಿದು, ಊಟ ಚೆನ್ನಾಗಿದೆಯೇ ಅಂತ ಕೇಳಿ, ಮಾತುಕತೆ ನಡೀತಾ ಇದೆ ಅಂತ ಹೇಳಿ ಹೋಗುತ್ತಿದ್ದರು. ನಳದ ಮಾತು ಒಂದಿಂಚೂ ಮುಂದೆ ಹೋಗಲಿಲ್ಲ. ಒಂದು ದಿನ ಅಡುಗೆಯ ಚನಬಸು ಗಾಡಿಯಿಂದ ಅಕ್ಕಿ ಮೂಟೆ ಇಳಿಸುತ್ತಿದ್ದ. ಒಂದಲ್ಲ ಎರಡಲ್ಲ, ಗಾಡಿ ತುಂಬ ಮೂಟೆ.

"ಏನೋ ಚನಬಸು, ಊರಿಗೆಲ್ಲಾ ಮದಿವಿ ಊಟ ಹಾಕ್ತಿ ಏನು?" ಅಂತ ಚೇಷ್ಟೆ ಮಾಡಿದೆ.

"ನಿಮಗ ರೀ ಯಕ್ಕಾ," ಅಂದ ಆ ಪುಣ್ಯಾತ್ಮ, ಬೆವರು ಒರೆಸಿಕೊಳ್ಳುತ್ತ. "ಉತ್ತರದಾಗ ಥಂಡಿ ಇಳಿಯೂತನಕ ಇಲ್ಲೇ ಅಡಗಿ ಅಂತ ಸಾಹೇಬ್ರು ಮೊದಲನ ದಿನಾನ ಹೇಳ್ಯಾರ."

ಮೊದಲನೆಯ ದಿನವೇ. ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟೆ. ನೆಟ್ಟಗೆ ಹುಸೇನಸಾಬನ ಅಂಗಡಿಗೆ ಹೋದೆ. ರೇಡಿಯೋದಲ್ಲಿ ನಮ್ಮದೇ ಸುದ್ದಿ. ಸಹಿ ಹಾಕಿದ ಮಾತಿಗೆ ಸರ್ಕಾರ ಬದ್ಧವಾಗಿದೆ, ಚಕ್ರ ತೆರೆಯಲು ಸಿದ್ಧವಾಗಿದೆ, ಆದರೆ ತಾಯಂದಿರು ಅಡ್ಡ ಕೂತಿದ್ದಾರೆ, ತಾಯಂದಿರ ಮೇಲೆ ಕೈ ಮಾಡುವ ದೇಶ ನಮ್ಮದಲ್ಲ. ಅದರ ಹಿಂದೆಯೇ ಇನ್ನೊಂದು ಸುದ್ದಿ: ಎಣ್ಣೆಯ ದರ ಮತ್ತೆ ಏರಿದೆ. ಹಳೇ ದರದ ಮಾತು ಬಿಟ್ಟು ಹೊಸ ದರಕ್ಕೆ ಕೊಳ್ಳಲು ಉತ್ತರದವರು ಒಪ್ಪುವ ಸೂಚನೆ ಇದೆ, ಜೊತೆಗೆ ಎರಡು ಬಂದರುಗಳನ್ನೂ ಬಿಟ್ಟುಕೊಡಬಹುದು.

ಹುಸೇನಸಾಬ ಮೀಸೆ ತಿರುವಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ನನ್ನ ಮಗಳ ಬಸುರನ್ನು ಇವರು ತಕ್ಕಡಿಯ ಕಲ್ಲು ಮಾಡಿಕೊಂಡಿದ್ದರು! ನಾವು ಅಡ್ಡ ಕೂತಷ್ಟು ದಿನ ಅವರಿಗೆ ಲಾಭ, ಅದಕ್ಕೇ ಉಪ್ಪಿಟ್ಟು, ಅದಕ್ಕೇ ಮಂಚ. ನಳ ಕೊಡುವ ವಿಚಾರ ಅವರ ತಲೆಯಲ್ಲಿ ಯಾವತ್ತೂ ಇರಲಿಲ್ಲ.

ಕಟ್ಟೆಗೆ ವಾಪಸು ಬಂದು ಹೆಂಗಸರಿಗೆಲ್ಲ ಹೇಳಿದೆ. "ಏಳ್ರಿ. ನಾವ ಚಕ್ರ ತೆರಿಯೂಣು," ಅಂದೆ. ಯಾರೂ ಏಳಲಿಲ್ಲ. ಚಂಪಾ ಮಂಚದ ಮೇಲೆ ಎದ್ದು ಕೂತಳು.

"ನನ್ನ ಕೂಸು ಸತ್ರೂ ಅಡ್ಡಿಯಿಲ್ಲ ಅಂತೀ ಏನವ್ವಾ?"

"ಹಂಗ್ಯಾಕಂತೀ? ಈ ಸಲ ಒಂದ ಓಣಿ ಅಲ್ಲ, ಊರಿಗೆ ಊರ ಎದಿಗೆ ಹಚಗೊಂಡು ಕಾಯ್ತೀವಿ."

"ಹ್ವಾದ ಸಲಾನೂ ಕಾದಿದ್ರಿ."

ಅವಳ ಕಾಲ ಹತ್ತಿರ ಕೂತೆ. ಫೋನಿನಲ್ಲಿ ಕೇಳಿದ ಕೆಮ್ಮಿನ ವಿಷಯ ಹೇಳಿದೆ, ಅದು ಎಂಥ ಕೆಮ್ಮು ಅಂತ ಹೇಳಿದೆ. ಚಂಪಾ ಬಹಳ ಹೊತ್ತು ಅತ್ತಳು. ನನ್ನನ್ನು ಬೈದಳು, ಯೋರಣ್ಣನನ್ನು ಬೈದಳು, ಸಮುದ್ರದ ಬಂಡೆಯನ್ನೂ ಬೈದಳು. ಆಮೇಲೆ ಮೂಗು ಒರೆಸಿಕೊಂಡು ಮಂಚದಿಂದ ಕಾಲು ಇಳಿಬಿಟ್ಟಳು. "ಕೈ ಕೊಡು, ಏಳಿಸು," ಅಂದಳು. ಅವಳು ಎದ್ದದ್ದೇ ತಡ, ಒಬ್ಬೊಬ್ಬರೇ ಎಲ್ಲರೂ ಎದ್ದರು. ಬೈಯುತ್ತಲೇ ಎದ್ದರು, ಆದರೂ ಎದ್ದರು.

ಸೋಮಲಿಂಗ ಓಡಿ ಬಂದ. ಯೋರಣ್ಣನೂ ಬಂದ. ಅವನು ಚಂಪಾಳ ಪಾದ ಮುಟ್ಟಲು ಬಗ್ಗಿದ, ಅವಳು ಹಿಂದೆ ಸರಿದಳು. ಎಲ್ಲರೂ ಚಕ್ರಕ್ಕೆ ಕೈ ಹಚ್ಚಿದೆವು. ತುಕ್ಕು ಹಿಡಿದ ಕಬ್ಬಿಣ ಕಿರ್ ಅಂತ ಒಂದು ಅಂಗುಲ ಸರಿಯಿತು. ಕೊಳವೆಯೊಳಗೆ ಎಣ್ಣೆ ಗುಡುಗುಡು ಅಂದಿತು, ನನ್ನ ಕಾಲಬೆರಳಿಗೆ ಚಳಿ ಸುಳಿಯಿತು, ಒದ್ದೆ ಕಟ್ಟಿಗೆಯ ವಾಸನೆಯ ಆ ಚಳಿ. "ಬಂತು! ಬಂತು!" ಅಂತ ಯೋರಣ್ಣ ಕೂಗಿದ.

ಅಷ್ಟರಲ್ಲಿ ಶಾಮಿಯಾನದ ಹಿಂದಿನಿಂದ ಪೊಲೀಸರು ಬಂದರು. ಅಷ್ಟು ಜನ ಅಲ್ಲಿ ಯಾವಾಗ ಬಂದು ಸೇರಿದ್ದರೋ ನಾವು ನೋಡಿಯೇ ಇರಲಿಲ್ಲ. ಬಂದೂಕಿನ ಹಿಡಿಯಿಂದ ಸೋಮಲಿಂಗನ ಮೊಣಕೈಗೆ ಹೊಡೆದರು, ಕಟ್ ಅಂತ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಯೋರಣ್ಣನನ್ನು ಕಟ್ಟೆಯಿಂದ ಕೆಳಗೆ ಎಳೆದು ಕೆಡವಿದರು. ಸಾಹೇಬರು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದರು. ಪೊಲೀಸರ ಕೈಯಲ್ಲೇ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಮುಚ್ಚಿಸಿದರು. ಆಮೇಲೆ ನನ್ನ ಎದುರು ನಿಂತು ಮತ್ತೆ ಕೈ ಮುಗಿದರು.

"ಅಮ್ಮಾ, ಕೂತ್ಕೊಳ್ಳಿ."

"ನಮಗ ನಳಾ ಬ್ಯಾಡ್ರಿ," ಅಂದೆ. "ಏನೂ ಬ್ಯಾಡ. ನಾವು ಮನಿಗೆ ಹೋಕ್ಕೀವಿ, ನೀವು ಚಕ್ರ ತೆರೀರಿ."

"ಕೂತ್ಕೊಳ್ಳಿ," ಅಂದರು ಸಾಹೇಬರು, ಅದೇ ಮೆತ್ತನೆ ದನಿಯಲ್ಲಿ. "ನಿಮ್ಮ ಹೋರಾಟ ಇನ್ನೂ ಮುಗಿದಿಲ್ಲ. ಊಟ ಬರ್ತದೆ."

ಸುತ್ತ ಬಂದೂಕು ಹಿಡಿದು ನಿಂತರು, ನಾವು ಕೂತೆವು. ಅವತ್ತಿನಿಂದ ಯಾರನ್ನೂ ಕಟ್ಟೆಯಿಂದ ಇಳಿಯಲು ಬಿಡಲಿಲ್ಲ. ಪತ್ರಿಕೆಯವರು ಬಂದಾಗ ಪೊಲೀಸರು ಬೇವಿನ ಮರದ ಹಿಂದೆ ಸರಿಯುತ್ತಿದ್ದರು. ಪತ್ರಿಕೆಯವರು ದೂರದಿಂದಲೇ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಛಲ ಬಿಡದ ತಾಯಂದಿರು ಅಂತ ರೇಡಿಯೋ ಹೊಗಳಿತು. ನಾವು ಕೂಗಿದ್ದು ರೇಡಿಯೋಗೆ ಕೇಳಿಸಲಿಲ್ಲ. ಊಟ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಚಂಪಾಗೆ ಅಲ್ಲೇ ಬೇನೆ ಬಂತು. ಹೆಂಗಸರು ಸುತ್ತ ಸೀರೆ ಹಿಡಿದು ನಿಂತರು, ನರ್ಸು ಮತ್ತು ನಾನು ಒಳಗೆ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಕೆಂಪಗೆ, ದುಂಡಗೆ. ಹುಟ್ಟುತ್ತಲೇ ಊರಿಗೆಲ್ಲ ಕೇಳುವ ಹಾಗೆ ಅತ್ತಿತು. ಎದೆಗೆ ಕಿವಿ ಹಚ್ಚಿ ನೋಡಿದೆ, ಒಂದಿಷ್ಟೂ ಗುರುಗುರು ಇಲ್ಲ. ಚಂಪಾ ಅದರ ಬೆರಳು ಎಣಿಸುತ್ತ ನಕ್ಕಳು, ಅಳುತ್ತ ನಕ್ಕಳು. ನಾನು ಬೇಡಿಕೊಂಡದ್ದೆಲ್ಲ ನನ್ನ ಕೈಯಲ್ಲಿತ್ತು. ಸಾಹೇಬರು ಎಲ್ಲರಿಗೂ ಪೇಡೆ ಹಂಚಿಸಿದರು. ಹೋರಾಟದ ಕಟ್ಟೆಯ ಮೇಲೆ ಹುಟ್ಟಿದ ಮಗು ಅಂತ ಸುದ್ದಿಯವರು ಸಾಹೇಬರನ್ನು ಮುತ್ತಿಕೊಂಡರು, ಅವರು ಹೇಳಿದ್ದನ್ನು ಬರೆದುಕೊಂಡು ಹೋದರು. ನಾನು ಪೇಡೆಯನ್ನು ಕಟ್ಟೆಯ ಆಚೆ ಎಸೆದೆ.

ಮಧ್ಯಾಹ್ನ ಯೋರಣ್ಣ ಬಂದ. ಅವನನ್ನು ಪೊಲೀಸರು ತಡೆಯಲಿಲ್ಲ, ಅವನಿಂದ ಈಗ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಮೂರು ದಿನದಿಂದ ಅವನ ಮಗಳ ಮನೆಯಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ ಅಂತ, ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕಟ್ಟೆಯ ಕೆಳಗೆ ಬಂದಿದ್ದ ಸೋಮಲಿಂಗ ಮುಂಚೆಯೇ ನನಗೆ ಹೇಳಿದ್ದ. ಯೋರಣ್ಣ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಚಂಪಾಳ ಮಂಚದ ಪಕ್ಕ ನೆಲದ ಮೇಲೆ ಕೂತ. ಕೂಸು ಜಮಖಾನದ ಮೇಲೆ ಬರಿಮೈಯಲ್ಲಿ ಮಲಗಿ ಕೈಕಾಲು ಆಡಿಸುತ್ತಿತ್ತು. ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಗಾಬರಿ ಹುಟ್ಟಿತು.

"ಅವ್ವಾರ, ಕೂಸಿಗೆ ಏನೂ ಹೊದಿಸಿಲ್ಲಲ್ರಿ?"

ನಾನು ಬಾಯಿ ತೆರೆದೆ. ಊರಿಗೇ ಗೊತ್ತಿದ್ದ ನನ್ನ ಜೋರು ಬಾಯಿ, ಒಂದು ಸಣ್ಣ ಮಾತು ಹೊರಗೆ ಬರಲಿಲ್ಲ. ಚಂಪಾ ಮುಖ ಆ ಕಡೆ ತಿರುಗಿಸಿದಳು. ಅವನು ಉತ್ತರಕ್ಕೆ ಕಾಯುತ್ತ ನನ್ನನ್ನೇ ನೋಡುತ್ತಿದ್ದ, ನಾನು ಹೇಳಲೇಬೇಕಾಯಿತು.

"ಸೆಕಿ ಐತೋ, ಯೋರಣ್ಣ."

ಅವನು ತಲೆಯಾಡಿಸಿದ. ಕೂಸಿನ ಹಣೆಯ ಬೆವರನ್ನು ಬೆರಳಿನಿಂದ ಒರೆಸಿದ. ಆಮೇಲೆ ನನ್ನ ಕೈಯಲ್ಲಿದ್ದ ಬೀಸಣಿಗೆ ತೆಗೆದುಕೊಂಡು, ಕೂಸಿಗೆ ಮೆಲ್ಲಗೆ ಗಾಳಿ ಹಾಕತೊಡಗಿದ.